ಒಳಗೆ ಕೂರುವ ಕೆಲಸ

ಬಸ್ಸು ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ. ಬುಧವಾರ ಬೆಳಿಗ್ಗೆ ಹತ್ತರೊಳಗೆ ನಾನು ಬೇರೊಂದು ಊರಿನ ಕಾಲೇಜಿನಲ್ಲಿ ಹಾಜರಾಗಿ ಸಹಿ ಹಾಕಬೇಕಿತ್ತು. ಹಾಕದಿದ್ದರೆ ರಸಾಯನಶಾಸ್ತ್ರದ ಪ್ರಯೋಗಾಲಯದ ಕೆಲಸ ಪಟ್ಟಿಯಲ್ಲಿ ನನ್ನ ಕೆಳಗಿರುವವರಿಗೆ ಹೋಗುತ್ತದೆ ಎಂದು ಪತ್ರದಲ್ಲಿ ಬರೆದಿತ್ತು. ಇಂಥ ಪತ್ರ ನನಗೆ ಬಂದದ್ದು ಎರಡನೆಯ ಸಲ. ಮೊದಲನೆಯದು ಬಂದಾಗ ಶೆಡ್ಡಿನಲ್ಲಿ ಒಂದು ಬಿಳಿ ವ್ಯಾನಿತ್ತು. "ಇದೊಂದು ಮುಗೀಲಿ" ಎಂದರು ಮಾವ. ವ್ಯಾನು ಮುಗಿಯುವಷ್ಟರಲ್ಲಿ ತಾರೀಖು ದಾಟಿತ್ತು.

ಈ ಸಲ ಶೆಡ್ಡಿನಲ್ಲಿದ್ದದ್ದು ಬೂದು ಕಾರು.

"ಇದೊಂದು ಮುಗೀಲಮ್ಮಾ" ಎಂದರು ಮಾವ. "ನನ್ನ ಮಗನ ಕೈಯಿಂದಾದ ಕೊನೇ ಬಣ್ಣ ಇದು. ಇದಕ್ಕೆ ನೀನೇ ಹೊದಿಸ್ಬೇಕು. ಆಮೇಲೆ ನಾನು ನಿನ್ನ ತಡೆಯಲ್ಲ."

ಹೂಂ ಎಂದೆ. ಆ ದಿನಗಳಲ್ಲಿ ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ. ಅದಕ್ಕೆ ಹೆಚ್ಚು ಉಸಿರು ಬೇಕಾಗುವುದಿಲ್ಲ.

ನಮ್ಮ ಮನೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಎದುರಿಗೆ ಕಾರುಗಳ ಮೂತಿ. ಮಾವ ತಗಡಿನ ಕೆಲಸದವರು. ಡೊಂಕಾದದ್ದನ್ನು ಬಡಿದು ನೇರ ಮಾಡುತ್ತಾರೆ. ಮೈದುನ ವೆಲ್ಡಿಂಗ್ ಮಾಡುತ್ತಾನೆ. ನನ್ನ ಗಂಡ ಬಣ್ಣ ಹೊಡೆಯುತ್ತಿದ್ದರು. ಎಂಟು ತಿಂಗಳ ಹಿಂದೆ, ಬಣ್ಣ ಕಲಸುವ ಕೋಣೆಯಲ್ಲಿ ನಿಂತಿದ್ದವರು ಹಾಗೇ ಕುಸಿದರು. ಹೃದಯ ಎಂದರು ಆಸ್ಪತ್ರೆಯಲ್ಲಿ. ಮೂವತ್ತೊಂದು ವರ್ಷ. ಅದರ ಬಗ್ಗೆ ನಾನು ಇಷ್ಟೇ ಬರೆಯಬಲ್ಲೆ.

ವೆಲ್ಡಿಂಗಿಗೆ ಮುಂಚೆ ಕಿಡಿ ತಾಗದಂತೆ ಕಾರಿಗೆ ಕಂಬಳಿ ಹೊದಿಸುತ್ತಿದ್ದವರೂ ಅವರೇ. ಅವರು ಹೋದ ಮೂರನೆಯ ವಾರ ಮೈದುನ ಯಾವುದೋ ಕಾರಿನ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ ತಗಡು ಅರೆಯುವ ಗ್ರೈಂಡರ್ ಹಿಡಿದ. ಕಿಡಿ ಬಿದ್ದಲ್ಲೆಲ್ಲ ಪ್ಲಾಸ್ಟಿಕ್ ಕರಗಿ ಬಣ್ಣಕ್ಕೆ ಅಂಟಿತು, ಮುಂದಿನ ಗಾಜು ಹಾಳಾಯಿತು. ಮಾವ ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟರು. ಮರುದಿನ ನಾನು ಹಳೆಯ ಹತ್ತಿ ಕಂಬಳಿಗಳನ್ನು ನೀರಿನಲ್ಲಿ ಅದ್ದಿ, ಹಿಂಡಿ, ಹಿಂಬಾಗಿಲಿನಿಂದ ಶೆಡ್ಡಿಗೆ ಇಳಿದೆ. ಗಂಡ ಮಾಡುವುದನ್ನು ಎರಡು ವರ್ಷ ಕಿಟಕಿಯಿಂದ ನೋಡಿದ್ದೆ. ಯಾರೂ ಕರೆದಿರಲಿಲ್ಲ. ಆ ದಿನದಿಂದ ಅದು ನನ್ನ ಕೆಲಸವಾಯಿತು.

ಗ್ರೈಂಡರಿನ ಕಿಡಿ ನೋಡಲು ಹೂಬಾಣದಂತೆ ಹಗುರ. ಆದರೆ ಒಂದೊಂದು ಕಿಡಿಯೂ ಕಾದ ಕಬ್ಬಿಣದ ಕಣ. ಗಾಜಿನ ಮೇಲೆ ಬಿದ್ದರೆ ಗಾಜನ್ನೇ ಕರಗಿಸಿ ಒಳಗೆ ಕೂರುತ್ತದೆ. ಏನು ಉಜ್ಜಿದರೂ ಹೋಗುವುದಿಲ್ಲ, ಉಗುರಿಗೆ ಗುಳಿ ಸಿಗುತ್ತದೆ. ಬಣ್ಣದ ಮೇಲೆ ಬಿದ್ದರೆ ಆ ದಿನ ಏನೂ ಕಾಣುವುದಿಲ್ಲ. ನಾಲ್ಕು ದಿನ ಇಬ್ಬನಿ ಬಿದ್ದ ಮೇಲೆ ಸಾಸಿವೆಗಿಂತ ಸಣ್ಣ ಕಿತ್ತಳೆ ಚುಕ್ಕೆಗಳು ಏಳುತ್ತವೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಅಷ್ಟೇ. ಅದಕ್ಕೇ ಮಾವನ ನಿಯಮ: ಗ್ರೈಂಡಿಂಗ್ ಆದ ಕಾರನ್ನು ನಾಲ್ಕು ದಿನ ನೋಡಿಯೇ ಕೊಡಬೇಕು, ಹೊದಿಸಿದವರೇ ನೋಡಬೇಕು.

ಬೂದು ಕಾರಿನದು ತಲೆಕೆಳಗಾದ ಕೆಲಸ. ಸಾಮಾನ್ಯವಾಗಿ ಮೊದಲು ವೆಲ್ಡಿಂಗ್, ಆಮೇಲೆ ಬಣ್ಣ. ಎಲ್ಲ ಶೆಡ್ಡುಗಳಲ್ಲೂ ಹಾಗೆ. ಈ ಕಾರಿಗೆ ಎಂಟು ತಿಂಗಳ ಹಿಂದೆಯೇ ಮೈತುಂಬ ಬಣ್ಣವಾಗಿ, ಅದರ ಒಡತಿ ಡಾಕ್ಟರಮ್ಮ ತೆಗೆದುಕೊಂಡು ಹೋಗಿಯೂ ಆಗಿತ್ತು. ಈಗ ಸರ್ಕಾರಿ ತಪಾಸಣೆಯಲ್ಲಿ ಹಿಂದಿನ ಎಡಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತಂತೆ. ಒಳಗೆ ತಗಡಿರಲಿಲ್ಲ. ತೂತು ಮುಚ್ಚಲು ಮೆತ್ತಿದ ಪುಟ್ಟಿ ಇತ್ತು.

ಸೋಮವಾರ ಬೆಳಿಗ್ಗೆ ಮೈದುನ ಕೆಳಗೆ ಮಲಗಿ ಉಳಿಯಿಂದ ಆ ಪುಟ್ಟಿಯನ್ನು ಕೆತ್ತಿ ತೆಗೆದ. ಹೆಂಟೆಹೆಂಟೆಯಾಗಿ ಬಿತ್ತು. ಅದರ ಹಿಂದೆ ಉಂಡೆ ಮಾಡಿ ತುರುಕಿದ ಕಾಗದ. ಅವನು ಬಿಡಿಸಿ ನೋಡಿ ನನ್ನ ಕಡೆ ಚಾಚಿದ.

"ಅತ್ತಿಗೆ, ಇದು ನಿಮ್ಮ ಕೈಬರಹ ಅಲ್ವಾ?"

ನನ್ನದೇ. ಎಂ.ಎಸ್ಸಿ.ಯ ಕಚ್ಚಾ ಪುಸ್ತಕದ ಹಾಳೆ. ಆಮ್ಲದ ಅಳತೆಗಳು, ಮೂರು ಸಲ ಮಾಡಿದ ಪ್ರಯೋಗ, ಕೊನೆಗೆ ಸರಾಸರಿ. ಬಣ್ಣ ಹೊಡೆಯುವಾಗ ಉಳಿದ ಭಾಗ ಮುಚ್ಚಲು ಹಳೆಯ ಪುಸ್ತಕಗಳನ್ನು ತೆಗೆದುಕೊಳ್ಳಲೇ ಎಂದು ಗಂಡ ಕೇಳಿದ್ದರು. ತಗೊಳ್ಳಿ ಎಂದಿದ್ದೆ. ಪುಟ್ಟಿಯ ವಿಷಯವೂ ನನಗೆ ಗೊತ್ತಿತ್ತು. "ಸದ್ಯಕ್ಕೆ ತುಂಬಿಸಿದೀನಿ, ಯಾರಿಗೂ ಕಾಣಲ್ಲ. ಮುಂದಿನ ತಿಂಗಳು ಕರೆಸಿ ಸರಿಯಾಗಿ ಮಾಡ್ಕೊಡ್ತೀನಿ" ಎಂದು ಊಟದ ಹೊತ್ತಿಗೆ ಹೇಳಿದ್ದರು. ಆ ಮುಂದಿನ ತಿಂಗಳು ಅವರಿಗೆ ಬರಲಿಲ್ಲ.

ಮಾವ ಆ ಕಡೆ ನೋಡಲೇ ಇಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದರು.

ನಾನು ಹೊದಿಸಲು ಶುರು ಮಾಡಿದೆ. ಮೊದಲು ಬ್ಯಾಟರಿಯ ತಂತಿ ಬಿಚ್ಚಿಸಿದೆ. ಕಾರನ್ನು ತೊಳೆದು ಒರೆಸಿದೆ. ಧೂಳಿನ ಮೇಲೆ ಕಂಬಳಿ ಎಳೆದರೆ ಅದೇ ಗೀರು ಹಾಕುತ್ತದೆ. ಗಾಜುಗಳಿಗೆ ರಟ್ಟು, ಅಂಚಿಗೆ ಟೇಪು, ರಟ್ಟಿನ ಮೇಲೆ ಒದ್ದೆ ಕಂಬಳಿ. ಬಣ್ಣದ ಮೇಲೆ ನೇರವಾಗಿ ವೃತ್ತಪತ್ರಿಕೆ ಹಾಕುವುದಿಲ್ಲ, ಒದ್ದೆಯಾದರೆ ಅಕ್ಷರ ಇಳಿಯುತ್ತದೆ. ಮೆತ್ತನೆ ಬಟ್ಟೆ, ಆಮೇಲೆ ಕಂಬಳಿ, ಕೆಲಸದ ಜಾಗಕ್ಕೆ ಹತ್ತಿರವಿರುವ ಕಡೆ ಬೆಂಕಿ ತಡೆಯುವ ದಪ್ಪ ಹೊದಿಕೆ. ಬಾಗಿಲುಗಳ ಸಂದಿಗಳಿಗೆಲ್ಲ ಎರಡೆಳೆ ಟೇಪು.

"ಅತ್ತಿಗೆ, ಕಾರಿಗೆ ಹೊದಿಸ್ತಿದೀರೋ, ಮಲಗಿಸಿ ಜೋಗುಳ ಹಾಡ್ತೀರೋ?" ಎಂದ ಮೈದುನ.

"ನೀನು ಗ್ರೈಂಡರ್ ಹಿಡಿದ್ರೆ ಜೋಗುಳ ಯಾರಿಗೆ ಕೇಳುತ್ತೆ?"

"ಅದೂ ನಿಜ. ನಮ್ಮಪ್ಪ ಕಿರುಚಿದ್ರೂ ಕೇಳಲ್ಲ. ಅದೊಂದೇ ನನಗೆ ಸುಖ."

"ಏನಂದೆಯೋ?" ಎಂದರು ಮಾವ.

"ನಿಮ್ಮ ಆರೋಗ್ಯ ಚೆನ್ನಾಗಿರಲಿ ಅಂದೆ."

ಇನ್ನೊಂದು ಕೆಲಸವಿದೆ. ಹೊರಗಿನಿಂದ ಬೆಸೆಯುವಾಗ ತಗಡಿನ ಹಿಂಬದಿ ಕೆಂಪಗೆ ಕಾಯುತ್ತದೆ. ಅಲ್ಲಿ ಏನಾದರೂ ಹೊತ್ತಿಕೊಂಡರೆ ಹೊರಗಿದ್ದವನಿಗೆ ಕಾಣುವುದಿಲ್ಲ. ಅದಕ್ಕೆ ಒಬ್ಬರು ಕಾರಿನೊಳಗೆ ಕೂತು ನೋಡುತ್ತಿರಬೇಕು. ನಮ್ಮಲ್ಲಿ ಅದಕ್ಕೆ ಒಳಗೆ ಕೂರುವುದು ಎನ್ನುತ್ತಾರೆ. ಹಿಂದಿನ ಸೀಟು ತೆಗೆದಿರುತ್ತಾರೆ. ಬರಿ ತಗಡಿನ ಮೇಲೆ ಗೋಣಿ ಹಾಸಿಕೊಂಡು, ನೀರಿನ ಬಾಟಲಿ, ಒದ್ದೆ ಬಟ್ಟೆ, ಟಾರ್ಚು ಹಿಡಿದು ಕೂರಬೇಕು. ಕೂತ ಮೇಲೆ ಹೊರಗಿನವರು ಕೊನೆಯ ಬಾಗಿಲಿಗೂ ಟೇಪು ಹಾಕಿ ಕಂಬಳಿ ಇಳಿಬಿಡುತ್ತಾರೆ. ಹಗಲೇ ಕತ್ತಲಾಗುತ್ತದೆ. ಮಾತು ಕೇಳಿಸದಾದ್ದರಿಂದ ಚಾವಣಿಗೆ ಒಳಗಿನಿಂದ ತಟ್ಟುವುದು. ಒಂದು ತಟ್ಟಿದರೆ ನಿಲ್ಲಿಸು. ಎರಡು ತಟ್ಟಿದರೆ ನಡೆಯಲಿ. ಇದು ಗಂಡ ಮತ್ತು ಮೈದುನ ಮಾಡಿಕೊಂಡಿದ್ದ ಒಪ್ಪಂದ. ಈಗ ತಟ್ಟುವವಳು ನಾನು.

ನಮ್ಮ ಶೆಡ್ಡು ಕಿರಿದು. ಬೂದು ಕಾರಿನ ಬಲಮಗ್ಗುಲು ಗೋಡೆಗೆ ಗೇಣಷ್ಟೇ ದೂರ. ಆ ಕಡೆಯ ಬಾಗಿಲುಗಳು ತೆರೆಯುವಂತಿರಲಿಲ್ಲ. ಹಿಂದಿನ ಎಡಬಾಗಿಲ ಕೆಳಗೇ ಕೆಲಸ. ಉಳಿದದ್ದು ಮುಂದಿನ ಎಡಬಾಗಿಲು. ಅದರಿಂದ ಒಳಗೆ ಹೋಗಿ, ಸೀಟುಗಳ ಸಂದಿಯಲ್ಲಿ ನುಸುಳಿ ಹಿಂದೆ ಕೂತೆ.

"ಮಗಳೇ, ಭಯ ಆಗಲ್ವಲ್ಲ?" ಎಂದರು ಮಾವ, ಪ್ರತಿಸಲ ಕೇಳುವಂತೆ.

"ಇಲ್ಲ."

ಬಾಗಿಲು ಮುಚ್ಚಿತು. ಟೇಪಿನ ಕರ್ರ್ ಎನ್ನುವ ಸದ್ದು ಬಾಗಿಲ ಸುತ್ತ ಸಾಗಿ ನಿಂತಿತು.

ವೆಲ್ಡಿಂಗ್ ಸರಿಯಾಗಿ ನಡೆಯಿತು. ಮೈದುನ ಒಂದೇ ಎಳೆಯಲ್ಲಿ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ತಣಿಯಲು ಬಿಡುತ್ತಾನೆ. ಪ್ರತಿ ಚುಕ್ಕೆಗೂ ಒಳಗಿನ ತಗಡಿನಲ್ಲಿ ಕೆಂಪು ಬೊಟ್ಟು ಮೂಡಿ, ನೇರಳೆಯಾಗಿ, ಆರುತ್ತಿತ್ತು. ನಾನು ಬಟ್ಟೆ ಒತ್ತಿ ಎರಡು ತಟ್ಟುತ್ತಿದ್ದೆ. ಇಪ್ಪತ್ತು ನಿಮಿಷ ಹೀಗೆ. ಕೆಂಪು ಬೊಟ್ಟು, ಬಟ್ಟೆ, ಎರಡು ತಟ್ಟು. ಏನನ್ನೂ ಯೋಚಿಸಬೇಕಾಗಿರಲಿಲ್ಲ. ಈ ಕೆಲಸದಲ್ಲಿ ನನಗೆ ಹಿಡಿಸಿದ್ದು ಅದೇ ಎಂದು ಕಾಣುತ್ತದೆ.

ಆಮೇಲೆ ಗ್ರೈಂಡರ್ ಶುರುವಾಯಿತು.

ಬೆಸುಗೆಯ ಗಂಟುಗಳನ್ನು ಸಮ ಮಾಡಲು ಅರೆಯಲೇಬೇಕು. ನನ್ನನ್ನು ಹೊರಗೆ ಕರೆಯಬೇಕೆಂದರೆ ಟೇಪು ಕಿತ್ತು ಮತ್ತೆ ಹಾಕಬೇಕು. ಹಾಗಾಗಿ ಒಳಗೇ ಇರುವುದು ರೂಢಿ. ಕಾರು ಪೂರ್ತಿ ಹಲ್ಲು ಕಡಿದಂತೆ ಅದುರುತ್ತಿತ್ತು. ಆಗ ವಾಸನೆ ಬಂತು. ಮುಂದಿನ ಎಡಸೀಟಿನ ಕಾಲಿನ ಕೆಳಗೆ ಟಾರ್ಚು ಹಿಡಿದೆ. ಸದ್ದು ತಡೆಯಲು ನೆಲಕ್ಕೆ ಅಂಟಿಸಿರುವ ಡಾಂಬರಿನಂಥ ಹಾಳೆಯನ್ನು ಭಾನುವಾರವೇ ಕೆರೆದಿದ್ದೆ. ಅಲ್ಲಿ ಅಂಗೈಯಷ್ಟು ಬಿಟ್ಟುಹೋಗಿತ್ತು. ಅದು ಹೊಗೆಯಾಡುತ್ತಿತ್ತು. ನೀರು ಹಾಕಿದೆ. ಬೆಂಕಿ ಸತ್ತಿತು, ಹೊಗೆ ದುಪ್ಪಟ್ಟಾಯಿತು.

ಒಂದು ತಟ್ಟಿದೆ. ಗ್ರೈಂಡರ್ ನಿಲ್ಲಲಿಲ್ಲ. ಮುಷ್ಟಿಯಿಂದ ತಟ್ಟಿದೆ. ನಿಲ್ಲಲಿಲ್ಲ. ನಮ್ಮ ಒಪ್ಪಂದದಲ್ಲಿದ್ದ ತೂತು ಇದು. ವೆಲ್ಡಿಂಗಿನಲ್ಲಿ ತಟ್ಟು ಕೇಳುತ್ತದೆ, ಗ್ರೈಂಡರಿನಲ್ಲಿ ಕೇಳುವುದಿಲ್ಲ. ಗೊತ್ತಿದ್ದೂ ಯಾರೂ ಸರಿ ಮಾಡಿರಲಿಲ್ಲ. ಇದುವರೆಗೆ ಬೇಕಾಗಿರಲಿಲ್ಲ, ಅದಕ್ಕೆ.

ಕಿಟಕಿ ಇಳಿಸಲು ಬ್ಯಾಟರಿ ಇಲ್ಲ. ಕಣ್ಣು ಉರಿಯಿತು. ಬಾಯಿಗೆ ಒದ್ದೆ ಬಟ್ಟೆ ಹಿಡಿದು ಮುಂದಿನ ಬಾಗಿಲ ಹಿಡಿಕೆಗೆ ಕೈ ಚಾಚಿದೆ, ಮತ್ತೆ ಹಿಂದಕ್ಕೆ ಎಳೆದುಕೊಂಡೆ. ಕಿಡಿಗಳು ಹಿಂದಿನಿಂದ ಮುಂದಕ್ಕೆ ಹಾರುತ್ತಿದ್ದವು. ಆ ಬಾಗಿಲು ತೆರೆದರೆ ಸಂದಿ ಸರಿಯಾಗಿ ಅವುಗಳಿಗೆ ಎದುರು. ನನ್ನ ಗಂಡ ಆ ಬಾಗಿಲಿನ ಒಳ ಅಂಚಿಗೆ, ಯಾರೂ ನೋಡದ ಜಾಗಕ್ಕೆ, ಮೂರು ಸಲ ಬಣ್ಣ ಹೊಡೆದಿದ್ದರು. ಇನ್ನೊಂದು ನಿಮಿಷ ಎಂದುಕೊಂಡೆ. ಆಮೇಲೆ ಇನ್ನೊಂದು.

ಬಾಗಿಲಿಗೆ ಯಾರೂ ಬೀಗ ಹಾಕಿರಲಿಲ್ಲ. ಅದು ಬರಿ ಟೇಪು, ಮತ್ತು ಒಂದು ಕಂಬಳಿ. ಆ ಟೇಪಿನ ಉರುಳೆ ತಂದವಳೂ ನಾನೇ. ಕೆಮ್ಮು ಬಂತು. ಕೆಮ್ಮುತ್ತಾ ನನಗೆ ಅನಿಸಿದ್ದು, ನಾನು ಇಲ್ಲಿ ಹೀಗೇ ಇದ್ದರೆ ಹೊರಗೆ ಎಲ್ಲರೂ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದೇ ತಿಳಿಯುತ್ತಾರೆ.

ಹಿಡಿಕೆ ಎಳೆದು ಭುಜ ಕೊಟ್ಟು ದೂಡಿದೆ. ಟೇಪು ಹರಿಯಿತು. ನಾಲ್ಕು ಬೆರಳಷ್ಟು ಸಂದಿ. ಅದಕ್ಕೆ ಮುಖ ಇಟ್ಟೆ. ಒದ್ದೆ ಕಂಬಳಿಯ ವಾಸನೆಯ ಗಾಳಿ, ಅದರ ಜೊತೆಗೇ ಕಿಡಿಗಳು. ಕೆನ್ನೆಗೆ ಎರಡು ಚುರುಕ್ ಎಂದವು. ಐದಾರು ಉಸಿರು ಎಳೆದೆ. ಬಾಗಿಲು ಎಳೆದುಕೊಂಡೆ. ಗ್ರೈಂಡರ್ ಇನ್ನೂ ಹತ್ತು ನಿಮಿಷ ನಡೆಯಿತು.

ಕಂಬಳಿ ತೆಗೆದ ಮೈದುನ, "ಇಲ್ಲಿ ಟೇಪು ಬಿಟ್ಕೊಂಡಿದೆ ನೋಡಿ. ಬಿಸಿಗೆ ಇರ್ಬೇಕು" ಎಂದ. ನಾನು ಹೂಂ ಎಂದೆ. ಕೆನ್ನೆ ನೋಡಿ, "ಅಯ್ಯೋ, ಏನಿದು?" ಎಂದ. ಮಸಿ ಎಂದೆ.

ಮಾವ ಸಿಗರೇಟು ಪೊಟ್ಟಣದ ತೆಳು ಹಾಳೆಯನ್ನು ಬೆರಳಿಗೆ ಸುತ್ತಿಕೊಂಡು ಬಣ್ಣದ ಮೇಲೆ ಸವರತೊಡಗಿದರು. ಬರಿ ಬೆರಳಿಗೆ ತಿಳಿಯದ ಕಣವೂ ಹಾಳೆಯ ಕೆಳಗೆ ಮರಳಿನಂತೆ ತಿಳಿಯುತ್ತದೆ. ಬಾನೆಟ್ಟು, ಚಾವಣಿ, ಬಾಗಿಲುಗಳ ಹೊರಮೈ. ಕಣ್ಣು ಮುಚ್ಚಿಕೊಂಡು ಸವರುತ್ತಿದ್ದರು. ಬಾಗಿಲುಗಳ ಒಳ ಅಂಚು ನೋಡಲಿಲ್ಲ. ಹೊದಿಸಿದ ಕಾರಿನ ಬಾಗಿಲನ್ನು ಯಾರು ತಾನೇ ತೆರೆದಿರುತ್ತಾರೆ?

"ಒಂದು ಕಣ ಇಲ್ಲ" ಎಂದರು. "ಒಂದೂ ಇಲ್ಲ. ಅವನಿದ್ದಿದ್ರೂ ಹೀಗೇ ಹೊದಿಸ್ತಿದ್ದ."

ಹೇಳಬೇಕಾಗಿದ್ದದ್ದು ಆಗ. ಹೇಳಲಿಲ್ಲ.

"ಶುಕ್ರವಾರ ನೋಡಿ ಕೊಟ್ಬಿಡೋಣ" ಎಂದರು.

"ಮಾವ, ನಾಳೆ ಮಧ್ಯಾಹ್ನ ನನ್ನ ಬಸ್ಸು."

"ನಾಲ್ಕು ದಿನ ಅಲ್ವೇನಮ್ಮಾ. ಹೊದಿಸಿದವರೇ ನೋಡ್ಬೇಕು. ಕಾಲೇಜಿಗೆ ಒಂದು ಫೋನ್ ಮಾಡಿ ಹೇಳು, ಅವರೂ ಮನುಷ್ಯರೇ." ಆಮೇಲೆ ಮೆಲ್ಲಗೆ, "ಆಚೆ ವಾರ ಒಂದು ಜೀಪು ಬರುತ್ತೆ. ಅದೇನು ದೊಡ್ಡ ಕೆಲಸ ಅಲ್ಲ."

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾನು ಎಂದೋ ಹೋಗಿರುತ್ತಿದ್ದೆ.

ಅಡುಗೆಮನೆಯಲ್ಲಿ ಕೆನ್ನೆ ತೊಳೆದು ಕೂತೆ. ಹೋದರೆ ಶುಕ್ರವಾರ ಚುಕ್ಕೆಗಳು ಏಳುತ್ತವೆ. ಮಾವ ನೋಡುತ್ತಾರೆ, ಅಥವಾ ಡಾಕ್ಟರಮ್ಮ ನೋಡುತ್ತಾರೆ. ಹೋಗದಿದ್ದರೆ ಪತ್ರದ ತಾರೀಖು ದಾಟುತ್ತದೆ, ಜೀಪು ಬರುತ್ತದೆ. ಈಗಲೇ ಕಣಗಳನ್ನು ತೆಗೆಯೋಣವೆಂದರೆ ಬೂದು ಬಣ್ಣದ ಮೇಲೆ ಬೂದು ಕಬ್ಬಿಣ. ಟಾರ್ಚು ಹಿಡಿದು ನೋಡಿದ್ದೆ, ಕಾಣಲಿಲ್ಲ.

ನಾಲ್ಕು ದಿನ ಏಕೆ ಎಂದು ನನ್ನನ್ನೇ ಕೇಳಿಕೊಂಡೆ. ಇದನ್ನು ಎಂಟು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕಬ್ಬಿಣಕ್ಕೆ ತಾರೀಖು ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ನೀರು ಮತ್ತು ಗಾಳಿ. ನೀರಿಗೆ ಉಪ್ಪು ಸೇರಿದರೆ ಕಾಯಬೇಕಾದ್ದೂ ಇಲ್ಲ. ಇದನ್ನು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪಾಸಾಗಿದ್ದೆ.

ಸಂಜೆ ಬಾಟಲಿಗೆ ಬೆಚ್ಚಗಿನ ನೀರು ತುಂಬುವಾಗ ಅತ್ತೆ ನೋಡಿದರು.

"ಉಪ್ಪಿನ ಡಬ್ಬಿ ಎಲ್ಲಿಗೆ?"

"ಕಾರಿಗೆ."

"ಅದಕ್ಕೂ ಸಪ್ಪೆ ಆಯ್ತಾ?"

ನಗು ಬಂತು. ನನ್ನ ನಗುವಿನ ಸದ್ದು ನನಗೇ ಅಪರಿಚಿತವಾಗಿತ್ತು. ಅತ್ತೆ ನನ್ನ ಕೆನ್ನೆಯನ್ನು ದೀಪದ ಕಡೆ ತಿರುಗಿಸಿ ನೋಡಿದರು. ಮಸಿ ಎಂದು ಅವರಿಗೆ ಹೇಳಲಾಗಲಿಲ್ಲ.

"ಅವರಿಗೆ ನೀನೇ ಬಾಯಿಬಿಟ್ಟು ಹೇಳ್ಬೇಕು" ಎಂದರು. "ನಾನು ಹೇಳಿದ್ರೆ ಕೇಳಲ್ಲ. ನೀನು ಹೋದ್ರೆ ಆ ಬಣ್ಣದ ಕೋಣೆಗೆ ಬೀಗ ಬೀಳುತ್ತೆ ಅಂತ ಅವರಿಗೆ ಭಯ."

ಶೆಡ್ಡಿಗೆ ಹೋಗಿ ಕಾರಿನ ಮುಂದಿನ ಬಾಗಿಲು ತೆರೆದು ಅದರ ಒಳ ಅಂಚು, ಬಾಗಿಲ ಪಕ್ಕದ ಕಂಬ, ಗಾಜಿನ ಒಳಮೈಗೆ ಉಪ್ಪುನೀರು ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿ ಬಂದೆ.

ಬೆಳಕು ಹರಿಯುವ ಹೊತ್ತಿಗೆ ಬಟ್ಟೆ ತೆಗೆದೆ. ಒಂಬತ್ತು ಚುಕ್ಕೆಗಳು. ಕಿತ್ತಳೆ, ಸ್ಪಷ್ಟ, ಮುದ್ದಾಗಿಯೂ ಇದ್ದವು. ಉಪ್ಪನ್ನು ಚೆನ್ನಾಗಿ ತೊಳೆದು, ಕಣ ಎಳೆಯುವ ಕ್ಲೇ ಮುದ್ದೆಯಿಂದ ಒಂದೊಂದನ್ನೇ ಮೆಲ್ಲಗೆ ಉಜ್ಜುತ್ತಾ ತೆಗೆದೆ. ಬಣ್ಣದ ಮೇಲಿನ ಎಂಟೂ ಬಂದವು. ಕೆಳಗಿನ ಬಣ್ಣಕ್ಕೆ ಏನೂ ಆಗಿರಲಿಲ್ಲ. ಒಂಬತ್ತನೆಯದು ಗಾಜಿನಲ್ಲಿತ್ತು. ತುಕ್ಕು ಹೋಯಿತು, ಗುಳಿ ಉಳಿಯಿತು.

ಹಿಂದೆ ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಎಲ್ಲಿ ಬಂತಿದು?"

"ಬಾಗಿಲ ಒಳಗೆ."

"ಅಲ್ಲಿಗೆ ಹೇಗೆ ಬರುತ್ತೆ? ಬಾಗಿಲು ಮುಚ್ಚಿತ್ತಲ್ಲ."

"ನಾನು ತೆಗೆದೆ."

ಅವರು ಗಾಜಿನ ಗುಳಿಯ ಮೇಲೆ ಉಗುರು ಆಡಿಸಿದರು. "ಗ್ರೈಂಡರ್ ಓಡ್ತಿರುವಾಗ? ಯಾಕೆ ತೆಗೆದೆ?"

"ಹೊಗೆ ತುಂಬಿತ್ತು, ಮಾವ. ತಟ್ಟಿದೆ. ಯಾರಿಗೂ ಕೇಳಿಸಲಿಲ್ಲ. ಉಸಿರಾಡ್ಬೇಕಿತ್ತು."

ನನ್ನ ಕೆನ್ನೆಯ ಎರಡು ಗುರುತುಗಳನ್ನು ಅವರು ಆಗ ನೋಡಿದರು. ಬೆರಳಿಗೆ ಸುತ್ತಿಕೊಂಡಿದ್ದ ಹಾಳೆಯನ್ನು ಬಿಚ್ಚಿ ಜೇಬಿಗಿಟ್ಟರು.

"ನೆನ್ನೆ ಯಾಕಮ್ಮಾ ಹೇಳಲಿಲ್ಲ?"

"ನೀವು ಒಂದು ಕಣ ಇಲ್ಲ ಅಂದ್ರಿ."

ಬಾಗಿಲ ಕೆಳಗಿನ ಹೊಸ ತಗಡಿನ ಕಡೆ ನೋಡಿ ಕೇಳಿದರು. "ಆ ಪುಟ್ಟಿ ವಿಷಯ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನಗೂ" ಎಂದರು. "ನೋಡಿಯೂ ಸುಮ್ಮನಿದ್ದೆ. ಸರಿ ಮಾಡ್ಕೊಡ್ತಾನೆ ಅಂದ್ಕೊಂಡೆ."

"ಗಾಜಿನ ವಿಷಯ ಡಾಕ್ಟರಮ್ಮನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಚುಕ್ಕೆಗಳು ಇನ್ನು ಏಳಲ್ಲ. ನಾಲ್ಕು ದಿನ ಬೇಕಾಗಿಲ್ಲ. ಹನ್ನೆರಡೂವರೆಗೆ ನಾನು ಹೋಗ್ತೀನಿ, ಮಾವ."

ಇಷ್ಟು ಉದ್ದದ ಮಾತನ್ನು ಆ ಮನೆಯಲ್ಲಿ ನಾನು ಬಹಳ ದಿನದಿಂದ ಆಡಿರಲಿಲ್ಲ.

ಅವರು ಮುಂದಿನ ಬಾಗಿಲಿಂದ ತಲೆ ಬಗ್ಗಿಸಿ, ಮಂಡಿ ಹಿಡಿದುಕೊಂಡು, ಸೀಟುಗಳ ಸಂದಿಯಲ್ಲಿ ಕಷ್ಟಪಟ್ಟು ನುಸುಳಿ ಹಿಂದಕ್ಕೆ ಹೋದರು. ಗೋಣಿಯ ಮೇಲೆ ಕೂತರು. ನಲವತ್ತು ವರ್ಷದ ಕೆಲಸದಲ್ಲಿ ಅವರು ಒಳಗೆ ಕೂತದ್ದು ನಾನಂತೂ ಕೇಳಿರಲಿಲ್ಲ.

"ಎಷ್ಟು ಹೊತ್ತು ಕೂತಿದ್ದೆ?"

"ನಲವತ್ತು ನಿಮಿಷ."

"ಬಾಗಿಲು ಹಾಕು."

ಹಾಕಿದೆ. ಗಾಜುಗಳಿಗೆ ರಟ್ಟು ಹಾಗೇ ಇತ್ತು, ಆ ಬಾಗಿಲಿನದೊಂದನ್ನು ಬಿಟ್ಟು. ಅದರಲ್ಲಿ ನನ್ನ ಮುಖ ಮಾತ್ರ ಕಾಣುತ್ತಿತ್ತು.

ಮೈದುನ ಹಲ್ಲುಜ್ಜುತ್ತಾ ಬಂದ. "ಅಪ್ಪ ಎಲ್ಲಿ?"

"ಒಳಗೆ ಕೂತಿದಾರೆ."

"ಯಾವುದರ ಒಳಗೆ?" ಕಾರನ್ನು ನೋಡಿ ಬ್ರಷ್ಷು ಬಾಯಲ್ಲೇ ನಿಂತಿತು. "ಯಾಕೆ? ನಾನೇನು ಮಾಡಿದೆ?"

"ಜೀಪಿಗೆ ಹೊದಿಸೋದು ನೀನು" ಎಂದೆ. "ಹನ್ನೊಂದು ಗಂಟೆವರೆಗೆ ಸಮಯ ಇದೆ. ಕಂಬಳಿ ತಗೊಂಡು ಬಾ, ತೋರಿಸ್ತೀನಿ. ಒಳಗಿರೋರ ಕೈಗೆ ಒಂದು ಹಗ್ಗ, ಅದರ ಇನ್ನೊಂದು ತುದಿ ನಿನ್ನ ಕಾಲಿಗೆ. ಎಳೆದ್ರೆ ಗ್ರೈಂಡರ್ ನಿಲ್ಲಿಸ್ಬೇಕು. ತಟ್ಟೋದನ್ನ ಇನ್ನು ನಂಬಬೇಡ."

"ನನ್ನ ಕಾಲಿಗಾ? ನಾನೇನು ಕರುನಾ?"

"ಕರುವಾದ್ರೆ ಒಂದು ಸಲ ಹೇಳಿದ್ರೆ ಅರ್ಥ ಮಾಡ್ಕೊಳ್ತಿತ್ತು."

ಹನ್ನೊಂದರವರೆಗೆ ಅವನಿಗೆ ಹೊದಿಸುವುದನ್ನು ಕಲಿಸಿದೆ. ಎರಡು ಸಲ ತಪ್ಪಿದ, ಮೂರನೆಯ ಸಲ ಪರವಾಗಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಒಮ್ಮೆ ಮಾವ ಹೊರಗೆ ಬಂದು ಕಾಫಿ ಕುಡಿದು, ಯಾರ ಮುಖವನ್ನೂ ನೋಡದೆ, ಮತ್ತೆ ಹೋಗಿ ಒಳಗೆ ಕೂತರು. ಈ ಸಲ ಬಾಗಿಲನ್ನು ತಾವೇ ಎಳೆದುಕೊಂಡರು.

ಚೀಲ ಹಿಡಿದು ಶೆಡ್ಡಿಗೆ ಬಂದಾಗ ಹನ್ನೆರಡು. ಬಾಗಿಲು ಮುಚ್ಚಿಯೇ ಇತ್ತು. ತೆರೆದು ಮಾತಾಡಲು ನನಗೆ ಧೈರ್ಯವಾಗಲಿಲ್ಲ. ಅವರು ಇರು ಎಂದರೆ ಹೂಂ ಎನ್ನುತ್ತಿದ್ದೆನೋ ಏನೋ. ಚಾವಣಿಗೆ ಬೆರಳ ಗೆಣ್ಣಿನಿಂದ ಎರಡು ತಟ್ಟಿದೆ.

ಸದ್ದಿಲ್ಲ.

ಆಮೇಲೆ ಒಳಗಿನಿಂದ ಒಂದು ತಟ್ಟು ಬಂತು.

ನಿಂತೆ. ಚೀಲದ ಪಟ್ಟಿ ಅಂಗೈಯನ್ನು ಕೊಯ್ಯುತ್ತಿತ್ತು. ಕೆಳಗಿಡಲಿಲ್ಲ. ರಸ್ತೆಯಲ್ಲಿ ಯಾವುದೋ ಲಾರಿ ಹೋಯಿತು, ಅದರ ಸದ್ದು ಪೂರ್ತಿ ಆರುವವರೆಗೆ ಕಾದೆ.

ಎರಡನೆಯದು ಬಂತು.